ಒಂದೇ ನೆತ್ತರಿನ ಎರಡು ವಯಸ್ಸು

ಸರ್ಕಾರ ಹುಟ್ಟಿದ ತಾರೀಖನ್ನು ನಂಬುವುದು ಬಿಟ್ಟು ನೆತ್ತರನ್ನು ನಂಬತೊಡಗಿದಾಗ, ಎಲ್ಲರಿಗಿಂತ ಮೊದಲು ನಕ್ಕವರು ಮರಡಿಗೇರಿ ಜಿಲ್ಲೆಯ ಮುದಿ ಮಾಸ್ತರರೇ ಇರಬೇಕು. ಮಗು ಹುಟ್ಟಿದ್ದು ಯಾವಾಗ ಎಂದರೆ ಅಲ್ಲಿಯ ತಾಯಂದಿರು ‘ಜೋಳ ಹಾಲುದೆನಿ ಇದ್ದಾಗ’ ಎಂದು ಹೇಳಿ ಸುಮ್ಮನಾಗುತ್ತಿದ್ದರು. ಉಳಿದದ್ದನ್ನು ಮಾಸ್ತರರೇ ತುಂಬಿಕೊಳ್ಳುತ್ತಿದ್ದರು, ಮತ್ತು ಮಾಸ್ತರರಿಗೆ ಗೊತ್ತಿದ್ದ ತಾರೀಖು ಜೂನ್ ಒಂದು. ಹೀಗಾಗಿ ಜಿಲ್ಲೆಯ ಅರ್ಧಕ್ಕರ್ಧ ನೌಕರರು ಒಂದೇ ದಿನ ಹುಟ್ಟಿ, ಮೇ ಮೂವತ್ತೊಂದರ ಸಂಜೆ ಒಟ್ಟಿಗೇ ಹಾರ ಹಾಕಿಸಿಕೊಂಡು ಮನೆಗೆ ಹೋಗುತ್ತಿದ್ದರು. ಹಾರ ಕಟ್ಟುವವರಿಗೆ ಅದು ದೀಪಾವಳಿಗಿಂತ ದೊಡ್ಡ ಹಬ್ಬ.

ಇದನ್ನೆಲ್ಲ ನೇರ ಮಾಡಲಿಕ್ಕೆಂದು ವಯೋಮಾಪಕ ಬಂತು. ನೋಡಲಿಕ್ಕೆ ಮಂಚದಷ್ಟು ಉದ್ದದ ಬಿಳಿ ಪೆಟ್ಟಿಗೆ. ಮನುಷ್ಯ ಉಂಡದ್ದು, ಉಪವಾಸ ಬಿದ್ದದ್ದು, ಎತ್ತಿದ ಭಾರ, ಕಳೆದುಕೊಂಡ ನಿದ್ದೆ ಎಲ್ಲವೂ ಅವನ ರಕ್ತಕಣದೊಳಗಿನ ವಂಶವಾಹಿಗಳ ಮೇಲೆ ಸಣ್ಣ ಸಣ್ಣ ಗುರುತು ಬಿಡುತ್ತವೆಯಂತೆ. ಗಡಸು ನೀರು ತುಂಬಿಟ್ಟ ಕೊಡದ ಒಳಗೆ ವರ್ಷದಿಂದ ವರ್ಷಕ್ಕೆ ಸುಣ್ಣ ಕಟ್ಟುವ ಹಾಗೆ ಅವು ಕಟ್ಟುತ್ತ ಹೋಗುತ್ತವೆ. ಯಂತ್ರ ಆ ಗುರುತುಗಳನ್ನು ಎಣಿಸಿ, ಈ ದೇಹಕ್ಕೆ ಇಷ್ಟು ವರ್ಷ ಇಷ್ಟು ತಿಂಗಳು ಎಂದು ಚೀಟಿ ಕೊಡುತ್ತಿತ್ತು. ಜನ ಅದಕ್ಕೆ ವಯಸ್ಸಿನ ತಕ್ಕಡಿ ಎಂದು ಹೆಸರಿಟ್ಟರು. ಕಾಗದದ ಪ್ರಕಾರ ಐವತ್ತು ತುಂಬಿದ ಪ್ರತಿಯೊಬ್ಬ ನೌಕರನೂ ತಕ್ಕಡಿಗೆ ಬರಬೇಕು. ದೇಹಕ್ಕೆ ಅರವತ್ತಾಗಿದ್ದರೆ ಆ ತಿಂಗಳ ಕೊನೆಗೇ ನಿವೃತ್ತಿ, ಅವನು ಹುಟ್ಟಿದ್ದು ಯಾವ ಜೂನಿನಲ್ಲಾದರೂ ಇರಲಿ.

ಕೇಳಲಿಕ್ಕೆ ಚೆನ್ನಾಗಿತ್ತು. ಸವೆದವನಿಗೆ ಬೇಗ ವಿಶ್ರಾಂತಿ, ಗಟ್ಟಿಯಿದ್ದವನಿಗೆ ಇನ್ನಷ್ಟು ಸೇವೆ. ಆದರೆ ಪಿಂಚಣಿಯ ಹಳೆಯ ನಿಯಮವೊಂದನ್ನು ಯಾರೂ ಮುಟ್ಟಲಿಲ್ಲ: ಹತ್ತು ವರ್ಷ ಖಾಯಂ ಸೇವೆ ಆಗಿರದಿದ್ದರೆ ಪಿಂಚಣಿ ಇಲ್ಲ. ಇಪ್ಪತ್ತು ವರ್ಷ ದಿನಗೂಲಿ ಮಾಡಿ, ಕೂದಲು ನೆರೆತ ಮೇಲೆ ಖಾಯಂ ಆದವರ ದೇಹವೇ ಎಲ್ಲರಿಗಿಂತ ಮೊದಲು ಅರವತ್ತು ಮುಟ್ಟುತ್ತಿತ್ತು. ಅರವತ್ತೈದರ ಸಾಹೇಬರು ಐವತ್ತೆರಡರ ಚೀಟಿ ಹಿಡಿದು, ಪೇಢೆ ಹಂಚುತ್ತ ಮೆಟ್ಟಿಲಿಳಿಯುವರು. ಅದೇ ಮೆಟ್ಟಿಲ ಮೇಲೆ ಗಟಾರ ಬಳಿಯುವ ಐವತ್ತೊಂದರ ಹೆಣ್ಣುಮಗಳು ಅರವತ್ತಮೂರರ ಚೀಟಿ ಹಿಡಿದು, ಅದನ್ನು ಓದಿ ಹೇಳುವವರನ್ನು ಹುಡುಕುತ್ತ ನಿಂತಿರುವಳು.

ಜನ ಎಲ್ಲದಕ್ಕೂ ಹೊಂದಿಕೊಳ್ಳುತ್ತಾರೆ. ಸಂಕಟ ಬಂದಾಗ ವೆಂಕಟರಮಣ ಎಂಬಂತೆ, ತಕ್ಕಡಿಗೆ ಹೋಗುವ ಎರಡು ತಿಂಗಳ ಮೊದಲು ಗುಮಾಸ್ತರೆಲ್ಲ ರಜೆ ಹಾಕಿ ಬೂದುಗುಂಬಳದ ರಸ ಕುಡಿದು ನಿದ್ದೆ ಹೊಡೆಯತೊಡಗಿದರು. ವರ ನೋಡಲು ಹೋದವರು ಹುಡುಗನ ಸಂಬಳದ ಜೊತೆ ಅವನ ಅಪ್ಪನ ದೇಹವಯಸ್ಸನ್ನೂ ಕೇಳುವ ರೂಢಿ ಬಂತು. ನೀರು ಬಿಡುವವರು, ಗಟಾರದವರು, ಆಸ್ಪತ್ರೆಯ ಆಯಾಗಳು ಮಾತ್ರ ರಸ ಕುಡಿಯಲಿಲ್ಲ. ಅವರಿಗೆ ರಜೆ ಕೊಡುವವರು ಯಾರು?

ಮರಡಿಗೇರಿಯ ಕೇಂದ್ರದಲ್ಲಿ ಈ ಯಂತ್ರ ನಡೆಸುತ್ತಿದ್ದವನು ಲ್ಯಾಬ್ ಟೆಕ್ನಿಷಿಯನ್ ಅಮೋಗಿ, ದಾಖಲೆಯಲ್ಲಿ ಅಮೋಘಸಿದ್ಧ ಪೂಜಾರಿ. ಇಪ್ಪತ್ತಾರು ವರ್ಷದ ಸೇವೆ. ಅವನು ಸೂಜಿ ಚುಚ್ಚಿದ್ದು ಗೊತ್ತಾಗುವುದಿಲ್ಲ ಎಂದು ಊರೆಲ್ಲ ಹೆಸರಾಗಿತ್ತು. ಜೊತೆಗೆ ಫರ್ಜಾನಾ ಮುಲ್ಲಾ ಎಂಬ ಹೊಸ ಹುಡುಗಿ, ಕೆಲಸ ಕಲಿಯಲು ಚುರುಕು. ಎರಡು ವರ್ಷದ ಹಿಂದೆ ಐವತ್ತಾರು ತೂಗಿದ್ದ ಹೆಡ್ ಕಾನ್‌ಸ್ಟೇಬಲ್ ಒಬ್ಬ ಮತ್ತೆ ಬಂದಾಗ ಅರವತ್ತಮೂರು ತೂಗಿದ. ಯಂತ್ರ ಕೆಟ್ಟಿದೆಯೆಂದು ಅವಳು ಮತ್ತೊಮ್ಮೆ ಹಚ್ಚಲು ಹೋದಳು. ಕಾನ್‌ಸ್ಟೇಬಲ್ ತಾನೇ ಬೇಡವೆಂದ. “ಹ್ವಾದ ವರ್ಷ ನಮ್ಮ ಮನಿಯಾಕಿ ತೀರಿಕೊಂಡಳವ್ವ. ಮಷೀನಿಂದೇನೂ ತಪ್ಪಿಲ್ಲ,” ಎಂದು ಟೋಪಿ ತೆಗೆದುಕೊಂಡು ಹೋದ. ಆ ದಿನ ಫರ್ಜಾನಾ ಊಟ ಮಾಡಲಿಲ್ಲ. ಅಮೋಗಿ ಮಾಡಿದ. ಇಷ್ಟು ವರ್ಷದ ನೌಕರಿಯಲ್ಲಿ ಅವನು ಅಷ್ಟು ಕಲಿತಿದ್ದ.

ಆದರೆ ಆ ಜೂನಿನಲ್ಲಿ ಬಂದ ಪಟ್ಟಿಯ ಏಳನೆಯ ಹೆಸರು ಓದಿದ ಮೇಲೆ ಅವನಿಗೂ ಊಟ ಸೇರಲಿಲ್ಲ. ‘ಮಾಳಿಂಗರಾಯ ಪೂಜಾರಿ, ವಾಲ್ವ್‌ಮನ್, ನೀರು ಸರಬರಾಜು ವಿಭಾಗ.’ ಅವನ ಅಣ್ಣ. ಅಣ್ಣ ಎಂದರೆ ಎರಡು ಗಳಿಗೆ ಮೊದಲು ಭೂಮಿಗೆ ಬಂದವನು. ಇಬ್ಬರೂ ಅವಳಿ ಜವಳಿ, ಒಂದೇ ಬಸಿರಲ್ಲಿ ಒಂದೇ ಅಂಡ ಎರಡಾಗಿ ಹುಟ್ಟಿದವರು.

ಇದು ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಇಬ್ಬರಿಗೂ ಜೂನ್ ಒಂದು ಬರೆಯಲು ಹೋಗಿ ಪೆನ್ನು ನಿಲ್ಲಿಸಿದ್ದರು. ಆಗ ಹಾಜರಿ ಹೆಚ್ಚು ತೋರಿಸಲು ಸುಳ್ಳು ಹೆಸರು ಸೇರಿಸುವ ಚಾಳಿಯಿತ್ತು. ಒಂದೇ ಮನೆ, ಒಂದೇ ತಾರೀಖು, ಎರಡು ಹೆಸರು ಕಂಡರೆ ಇನ್‌ಸ್ಪೆಕ್ಟರ ಸಾಹೇಬರು ಒಂದು ಹುಡುಗ ಬೋಗಸ್ ಎನ್ನುತ್ತಾರೆಂದು ಹೆದರಿ, ಅಮೋಗಿಯನ್ನು ಒಂದು ವರ್ಷ ಚಿಕ್ಕವನನ್ನಾಗಿ ಮಾಡಿದರು. ಕಾಗದದ ಮೇಲೆ ಅಣ್ಣ ತಮ್ಮಂದಿರ ನಡುವೆ ಹನ್ನೆರಡು ತಿಂಗಳು ಬಂದದ್ದು ಹಾಗೆ.

ಮುಖ ನೋಡಿ ಅವಳಿಗಳೆಂದು ಹೇಳುವುದಂತೂ ಸಾಧ್ಯವೇ ಇರಲಿಲ್ಲ. ನಾಲ್ಕನೇ ಇಯತ್ತೆಯಲ್ಲಿದ್ದಾಗ ಅಪ್ಪ ಸತ್ತ. ಹಾಸ್ಟೆಲಿನಲ್ಲಿ ಮನೆಗೊಂದೇ ಸೀಟು. ಮಾಳಿಂಗ ತಮ್ಮನ ಪಾಟಿಯನ್ನೂ ತನ್ನ ಪಾಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ, “ನಿನ್ನ ಅಕ್ಷರ ದುಂಡಗ ಅದಾವು, ನೀ ಹೋಗು,” ಎಂದಿದ್ದ. ಹತ್ತು ವರ್ಷದ ಹುಡುಗ ಮಾಡಿದ ತೀರ್ಮಾನ ಅದು. ಮಾರನೆಯ ದಿನ ಅವನು ಜಲ್ಲಿ ಒಡೆಯುವ ಖಡಿ ಮಷೀನಿಗೆ ಕಲ್ಲು ಹೊರಲು ಹೋದ. ಹನ್ನೆರಡು ವರ್ಷ ಆ ಕಲ್ಲಿನ ಧೂಳು ಕುಡಿದ, ಆಮೇಲೆ ಹತ್ತೊಂಬತ್ತು ವರ್ಷ ದಿನಗೂಲಿಯ ಮೇಲೆ ನೀರಿನ ವಾಲ್ವ್ ತಿರುವಿದ. ಅಮೋಗಿಯ ಹಾಸ್ಟೆಲಿಗೆ ತಿಂಗಳಿಗೊಮ್ಮೆ ರೊಟ್ಟಿ, ಶೇಂಗಾಹಿಂಡಿ ಕಟ್ಟಿಕೊಂಡು ನಡೆದೇ ಬರುತ್ತಿದ್ದ. ಒಮ್ಮೆ ಇಬ್ಬರೂ ಕೂಡಿ ಅರಿವೆ ಕೊಳ್ಳಲು ಹೋದಾಗ ಅಂಗಡಿಯವನು ಅಮೋಗಿಯನ್ನು, “ನಿಮ್ಮ ತಂದೆಯವ್ರಿಗೆ ಯಾವುದು ತೋರಸ್ಲಿರಿ?” ಎಂದು ಕೇಳಿದ್ದ. ಮಾಳಿಂಗ ಹೊಟ್ಟೆ ಹುಣ್ಣಾಗುವಷ್ಟು ನಕ್ಕು, ಮಗನ ಹತ್ತಿರ ರೊಕ್ಕ ಇಸಿದುಕೊಳ್ಳಿ ಎಂದಿದ್ದ. ಅಮೋಗಿಗೆ ನಗಲಿಕ್ಕೆ ಆಗಿರಲಿಲ್ಲ.

ಮಾಳಿಂಗ ಖಾಯಂ ಆಗಿ ಒಂಬತ್ತು ವರ್ಷ ಎರಡು ತಿಂಗಳಾಗಿತ್ತು. ಪಿಂಚಣಿಗೆ ಇನ್ನು ಹತ್ತು ತಿಂಗಳು ಬೇಕು.

ಸರದಿಯ ದಿನ ಅಮೋಗಿ ಅಣ್ಣನನ್ನು ಒಂಬತ್ತಕ್ಕೇ ಬರಹೇಳಿದ್ದ. ಫರ್ಜಾನಾ ಬರುವುದು ಹತ್ತಕ್ಕೆ. ಮಾಳಿಂಗ ಒಗೆದ ಅಂಗಿ ಹಾಕಿಕೊಂಡು, ಹೆಗಲ ಮೇಲೆ ಟವೆಲ್ ಹೊದ್ದು, ಹಣೆಗೆ ಭಂಡಾರ ಹಚ್ಚಿಕೊಂಡು ಬಂದ. ಕುರ್ಚಿಯ ತುದಿಗೆ ಕೂತ.

“ಎಷ್ಟ ಬರಬಹುದೋ ತಮ್ಮಾ?”

“ಈಗೇನ ಗೊತ್ತಾಕ್ಕೈತಿ. ಕೈ ಚಾಚು.”

“ನಮ್ಮ ಮನಿಯಾಕಿ ಲಾಯವ್ವ ಅರವತ್ತರ ಮ್ಯಾಲ ಅಂತಾಳ. ಹಂಗ ಬಂದ್ರ ಇಷ್ಟ ವರ್ಷ ದುಡದದ್ದು ನೀರಾಗ ಹೋಮ ಮಾಡಿದಂಗ ಆತು.” ಅಂಗಿಯ ತೋಳು ಮೇಲೇರಿಸಿ ಕೈ ಚಾಚುತ್ತ, “ಬಂದ್ರ ಬರಲಿ. ನೀ ಮನಸ್ಸಿಗೆ ಹಚ್ಕೋಬ್ಯಾಡ. ನಿನ್ನ ಕೈಯಾಗೇನೈತಿ,” ಎಂದ.

ಅಮೋಗಿ ರಕ್ತ ತೆಗೆದು, ಚಹಾ ಕುಡಿದು ಬಾ ಎಂದು ಅಣ್ಣನನ್ನು ಹೊರಗೆ ಕಳಿಸಿದ. ದಿನದ ಕೆಲಸ ಶುರುವಾಗುವ ಮೊದಲು ಯಂತ್ರ ಹದಕ್ಕೆ ಬಂದಿದೆಯೇ ನೋಡಲು ಹೆಸರಿಲ್ಲದ ರಕ್ತವೊಂದನ್ನು ಹಚ್ಚುವ ಪದ್ಧತಿಯಿತ್ತು. ಅದು ದಾಖಲೆಗೆ ಹೋಗುತ್ತಿರಲಿಲ್ಲ. ಆ ದಿನ ಅವನು ಅಣ್ಣನ ರಕ್ತವನ್ನೇ ಹಾಗೆ ಹಚ್ಚಿದ. ಹನ್ನೆರಡು ನಿಮಿಷ. ಪರದೆಯ ಮೇಲೆ ಮೂಡಿತು: ಅರವತ್ತೊಂದು ವರ್ಷ ನಾಲ್ಕು ತಿಂಗಳು.

ಅಮೋಗಿ ಹಿಂದಿನ ತಿಂಗಳು ಕುತೂಹಲಕ್ಕೆಂದು ತನ್ನದನ್ನೂ ಇದೇ ರೀತಿ ನೋಡಿಕೊಂಡಿದ್ದ. ಐವತ್ತಮೂರು. ಒಂದೇ ಬಸಿರು, ಒಂದೇ ದಿನ, ನಡುವೆ ಎಂಟು ವರ್ಷ. ಆ ಎಂಟು ವರ್ಷ ಎಲ್ಲಿಗೆ ಹೋದವು ಎಂದು ಯಂತ್ರವನ್ನು ಕೇಳಬೇಕಾಗಿರಲಿಲ್ಲ. ಅವನು ಅವನ್ನು ಉಂಡಿದ್ದ, ತೊಟ್ಟಿದ್ದ, ಅವುಗಳ ಮೇಲೆ ಕೂತು ಪರೀಕ್ಷೆ ಪಾಸಾಗಿದ್ದ.

ಹೆಸರು ಹಾಕಿ ಹಚ್ಚುವ ರಕ್ತವನ್ನು ಯಂತ್ರ ಮೊದಲು ನೌಕರನ ವಂಶಗುರುತಿನೊಡನೆ ಹೋಲಿಸಿ ನೋಡುತ್ತಿತ್ತು, ಇದು ಇವನದೇ ಹೌದೇ ಎಂದು. ಮತ್ಯಾರದಾದರೂ ಆಗಿರಬಹುದೇ ಎಂದು ಅದು ಕೇಳುತ್ತಿರಲಿಲ್ಲ. ಅವಳಿಗಳ ಗುರುತು ಒಂದೇ ಇರುವುದರಿಂದ ಅವರನ್ನು ಬೇರೆ ಜಿಲ್ಲೆಗೆ ಕಳಿಸಬೇಕೆಂಬ ನಿಯಮವಿತ್ತು. ಅವಳಿಗಳನ್ನು ಗುರುತಿಸುವುದು ಹುಟ್ಟಿದ ತಾರೀಖಿನಿಂದ. ಅಮೋಗಿ ಹಿಂದಿನ ಕೋಣೆಗೆ ಹೋಗಿ, ಹಲ್ಲಿನಲ್ಲಿ ರಬ್ಬರು ಪಟ್ಟಿ ಕಚ್ಚಿ ಬಿಗಿದು, ತನ್ನ ಎಡಗೈಗೆ ತಾನೇ ಸೂಜಿ ಚುಚ್ಚಿಕೊಂಡ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವನ ಸೂಜಿ ತಪ್ಪಿ, ರಕ್ತ ಅಂಗಿಯ ತೋಳಿಗೆ ಹನಿಯಿತು. ಉಳಿದದ್ದನ್ನು ಅಣ್ಣನ ಹೆಸರು ಹಾಕಿ ಯಂತ್ರಕ್ಕೆ ಹಚ್ಚಿದ.

ಐವತ್ತಮೂರು ವರ್ಷ ಎಂಬ ಚೀಟಿ ಓದಿ ಹೇಳಿದಾಗ ಮಾಳಿಂಗ ಅದನ್ನು ಇಸಿದುಕೊಂಡು ಹಿಂದೆ ಮುಂದೆ ತಿರುವಿ ನೋಡಿದ.

“ನಂದ ಹೌದಿಲ್ಲೋ?”

“ನಿಂದ.”

“ನಿಂದೆಷ್ಟೈತಿ?”

ಇದಕ್ಕೆ ಅಮೋಗಿಗೆ ಸುಳ್ಳು ಹೇಳಬೇಕಾದ ಪ್ರಸಂಗ ಬರಲಿಲ್ಲ. “ನಂದೂ ಐವತ್ತಮೂರು.”

ಮಾಳಿಂಗನ ಮುಖ ಅರಳಿದ್ದನ್ನು ಅವನು ಸಾಯುವ ತನಕ ಮರೆಯುವಂತಿಲ್ಲ. ಆ ನಗೆಯಲ್ಲಿ ಪಿಂಚಣಿಯ ಸಂತೋಷವಿರಲಿಲ್ಲ, ಬೇರೇನೋ ಇತ್ತು. ಅದೇನೆಂದು ತಿಳಿಯಲು ಅಮೋಗಿಗೆ ಆರು ತಿಂಗಳು ಬೇಕಾಯಿತು.

ಆ ಚೀಟಿಗೆ ಪ್ಲಾಸ್ಟಿಕ್ ಹಾಕಿಸಿ, ಕಟ್ಟು ಹಾಕಿಸಿ, ಲಾಯವ್ವ ಅದನ್ನು ದೇವರ ಜಗಲಿಯ ಪಕ್ಕಕ್ಕೆ ತೂಗುಹಾಕಿದಳು. ಅವತ್ತು ಅಮೋಗಿಯನ್ನೂ ಅವನ ಹೆಂಡತಿ ಸುನಂದಾಳನ್ನೂ ಕರೆದು ಹೋಳಿಗೆ ಮಾಡಿದಳು. ಓಣಿಯವರು ಬಂದು ಮಾಳಿಂಗನ ಬೆನ್ನು ತಟ್ಟಿ ಹೋದರು. ಹೋಳಿಗೆ ಬಡಿಸುತ್ತ ಲಾಯವ್ವ, “ನೀವು ಓದಿದ್ದು ಇವತ್ತ ನಮಗ ಉಪಯೋಗಕ್ಕ ಬಂತು ನೋಡಪ್ಪಾ,” ಎಂದಳು. ಯಂತ್ರದ ಚೀಟಿಗೂ ಇವನ ಓದಿಗೂ ಏನು ಸಂಬಂಧವೆಂದು ಅವಳು ಹಾಗೆಂದಳೋ, ಅಮೋಗಿ ಮುರಿದ ತುತ್ತನ್ನು ತಟ್ಟೆಗೇ ಬಿಟ್ಟ. ತುಪ್ಪ ಸಾಲದಾಯಿತೆಂದು ತಿಳಿದು ಅವಳು ಇನ್ನಷ್ಟು ಸುರಿದಳು.

ಹೋಳಿಗೆ ಅರಗುವ ಮೊದಲೇ ಇನ್ನೊಂದು ಆದೇಶ ಬಂತು. ಕಾಗದದಲ್ಲಿ ಐವತ್ತಾಗಿದ್ದೂ ದೇಹದಲ್ಲಿ ಐವತ್ತೈದರೊಳಗಿದ್ದವರಿಗೆ ಭಾರದ ಕೆಲಸ ಹಂಚಬೇಕು, ಗಟ್ಟಿ ದೇಹಗಳನ್ನು ಹಗುರ ಕೆಲಸದಲ್ಲಿ ಇಟ್ಟುಕೊಳ್ಳುವುದು ನಷ್ಟ. ಸರ್ಕಾರಕ್ಕೆ ಒಂದು ಅಂಕಿ ಸಿಕ್ಕರೆ ಅದರಿಂದ ಹತ್ತು ಕೆಲಸ ತೆಗೆಯುತ್ತದೆ. ಓಣಿಯ ವಾಲ್ವ್ ತಿರುವುತ್ತಿದ್ದ ಮಾಳಿಂಗನನ್ನು ಆಗಸ್ಟಿನಲ್ಲಿ ಗುಡ್ಡದ ನೀರಿನ ಟಾಕಿಗೆ ಹಾಕಿದರು. ಊರ ಹೊರಗಿನ ಕಲ್ಲುಗುಡ್ಡದ ತಲೆಯ ಮೇಲೆ ಟಾಕಿ. ನೂರಾ ಅರವತ್ತೆರಡು ಮೆಟ್ಟಿಲು. ಬೆಳಿಗ್ಗೆ ಹತ್ತಿ ನೀರು ಬಿಟ್ಟು ಕಟ್ಟಬೇಕು, ಸಂಜೆ ಮತ್ತೆ ಹತ್ತಿ ಬಿಟ್ಟು ಕಟ್ಟಬೇಕು. ವಾಲ್ವ್ ತಿರುವುವ ಕಬ್ಬಿಣದ ಚಾವಿಯೇ ಹದಿನಾಲ್ಕು ಕಿಲೋ, ಅದನ್ನು ಮೇಲೆ ಬಿಟ್ಟು ಬಂದರೆ ಗುಜರಿಗೆ ಹೋಗುತ್ತದೆಂದು ದಿನಾ ಹೆಗಲ ಮೇಲೆ ಹೊತ್ತೇ ಓಡಾಡಬೇಕು.

ಅಮೋಗಿ ನೀರು ವಿಭಾಗದ ಇಂಜಿನಿಯರರ ಮುಂದೆ ಹೋಗಿ ನಿಂತ. “ಸಾಹೇಬ್ರ, ಅವಗ ಉಸಿರಿನ ತೊಂದ್ರಿ ಐತ್ರಿ. ಬ್ಯಾರೆ ಕಡೆ ಹಾಕಬೇಕ್ರಿ.”

ಇಂಜಿನಿಯರರು ಒಳ್ಳೆಯವರು. ಕುರ್ಚಿ ಕೊಟ್ಟರು, ಚಹಾ ತರಿಸಿದರು, ಆಮೇಲೆ ಫೈಲು ತೆಗೆದರು. “ಪೂಜಾರಿಯವರ, ಐವತ್ತಮೂರು ಅಂತ ನಿಮ್ಮ ಕೇಂದ್ರದವ್ರೇ ಕೊಟ್ಟೀರಿ. ಇಂವಗ ಮೆಟ್ಟಿಲ ಹತ್ತಾಕ ಆಗೂದಿಲ್ಲ ಅಂದ್ರ ಚೀಟಿ ತಪ್ಪೈತಿ ಅಂತ ಆತು. ಹಂಗಂತ ನೀವ ಬರದ ಕೊಡ್ರಿ, ಮತ್ತೊಮ್ಮೆ ತೂಗಿಸೂಣು. ಈ ಸಲ ರಾಜಧಾನಿಗೆ ಕಳಸತೀವಿ.”

ಚಹಾ ಬಿಸಿಯಿತ್ತು. ಅಮೋಗಿ ಅದನ್ನು ಒಂದೇ ಗುಟುಕಿಗೆ ಕುಡಿದು, ಬೇಡ ಬಿಡಿ ಎಂದು ಎದ್ದ. ಎಂಟು ತಿಂಗಳು. ಎಂಟು ತಿಂಗಳು ದಾಟಿದರೆ ಪಿಂಚಣಿ ಗಟ್ಟಿ; ಅದರ ಮರುದಿನವೇ ತಾನೇ ಅಣ್ಣನ ಕಾಲು ಹಿಡಿದು ಎಲ್ಲ ಹೇಳಿ, ರಾಜೀನಾಮೆ ಬರೆಸುವುದು ಎಂದು ನಿಶ್ಚಯಿಸಿದ. ದಿನಾ ಬೆಳಿಗ್ಗೆ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ದಿನ ಹೊಡೆದುಹಾಕುತ್ತಿದ್ದ. ಏನು ಲೆಕ್ಕ ಎಂದು ಸುನಂದಾ ಕೇಳಿದರೆ, ಹಾಲಿನದು ಎನ್ನುತ್ತಿದ್ದ. ನಮ್ಮ ಹಾಲಿನವಳು ಅಷ್ಟು ದಿನ ಹಾಲು ತಪ್ಪಿಸುವುದಿಲ್ಲವಲ್ಲ ಎಂದು ಅವಳು ಹುಬ್ಬು ಗಂಟಿಕ್ಕುತ್ತಿದ್ದಳು.

ಡಿಸೆಂಬರಿನ ಒಂದು ಬೆಳಿಗ್ಗೆ ಅಮೋಗಿ ಅಣ್ಣನ ಜೊತೆ ಗುಡ್ಡ ಹತ್ತಿದ. ಚಾವಿಯನ್ನು ತಾನು ಹೊರುತ್ತೇನೆಂದರೆ ಮಾಳಿಂಗ ಕೊಡಲಿಲ್ಲ. ಇಪ್ಪತ್ತು ಮೆಟ್ಟಿಲಿಗೆ ನಿಂತು, ಕೈ ಚಾಚಿ, “ಅದ ನೋಡು ಗೌಳಿಗರ ಓಣಿ. ಬೇಸಿಗ್ಯಾಗ ಇವ್ರಿಗೆ ಐದ ನಿಮಿಷ ಹೆಚ್ಚ ಬಿಡತೀನಿ, ಎಮ್ಮಿ ಅದಾವು,” ಎಂದ. ಮತ್ತೆ ಇಪ್ಪತ್ತಕ್ಕೆ ನಿಂತು ಮಸೀದಿಯ ಹಿಂದಿನ ಓಣಿ ತೋರಿಸಿದ. ಮುಂದೆ ಹನ್ನೆರಡಕ್ಕೇ ನಿಂತು ಹೆಣ್ಣುಮಕ್ಕಳ ಶಾಲೆ ತೋರಿಸಿದ. ಕೊನೆಕೊನೆಗೆ ಐದೈದು ಮೆಟ್ಟಿಲಿಗೆ ಒಂದೊಂದು ಓಣಿ ಬಂತು. ಅವನ ತುಟಿಗಳು ನೀಲಿಯಾಗಿದ್ದವು. ಉಸಿರು ಸಿಗದೆ ನಿಲ್ಲುತ್ತಿದ್ದಾನೆಂಬುದು ತಮ್ಮನಿಗೆ ತಿಳಿಯಬಾರದೆಂದು ಅವನು ಊರನ್ನೇ ತುಂಡು ತುಂಡು ಮಾಡಿ ತೋರಿಸುತ್ತಿದ್ದ.

ಮೇಲೆ ಹೋಗಿ ಟಾಕಿಯ ನೆರಳಿಗೆ ಕೂತರು. ಅಮೋಗಿ ಇನ್ನು ತಡೆಯಲಾರದೆ, “ಅಣ್ಣಾ, ನಿನಗೊಂದ ಮಾತ ಹೇಳಬೇಕು,” ಎಂದ.

“ಮದ್ಲ ನಂದ ಕೇಳು,” ಎಂದ ಮಾಳಿಂಗ. ಟವೆಲಿನಿಂದ ಮುಖ ಒರೆಸಿಕೊಂಡು, ಉಸಿರು ಹದಕ್ಕೆ ಬರುವ ತನಕ ಕಾದು ಹೇಳಿದ. “ನೀ ಹಾಸ್ಟೆಲಿಗೆ ಹ್ವಾದಾಗಿಂದ ನನ್ನ ಮಾರಿ ನೆಟ್ಟಗ ನೋಡಿಲ್ಲ ತಮ್ಮಾ. ನನ್ನ ತಾಟಿನಾಗಿಂದು ಕಸಗೊಂಡ ಉಂಡವ್ರ ಗತೆ ನೋಡತಿದ್ದಿ. ನನಗ ತಿಳೀತಿತ್ತು, ಹೆಂಗ ಬಿಡಸಿ ಹೇಳಬೇಕು ಅನ್ನೂದ ತಿಳೀತಿದ್ದಿಲ್ಲ. ಈಗ ಮಷೀನ ಹೇಳೇತಿ. ಇಬ್ಬರದೂ ಐವತ್ತಮೂರು. ನಾ ಕಲ್ಲ ಹೊತ್ತರೂ ನನಗೇನೂ ಆಗಿಲ್ಲ, ನೀ ನನ್ನದೇನೂ ಉಂಡಿಲ್ಲ. ಇನ್ನರ ನೆಟ್ಟಗ ನೋಡು.”

ಅಮೋಗಿ ಅಣ್ಣನ ಮುಖ ನೋಡಿದ. ನಲವತ್ತು ವರ್ಷದ ಮೇಲೆ ಕಣ್ಣಲ್ಲಿ ಕಣ್ಣಿಟ್ಟು ನೋಡಿದ.

“ನೀ ಏನೋ ಹೇಳತಿದ್ದಿ?”

“ಏನಿಲ್ಲ. ಇಳಿಯೂದಾಗರ ಚಾವಿ ನನ್ನ ಕಡೆ ಕೊಡು.”

ಸಂಜೆ ಮಾಳಿಂಗ ಮನೆಗೆ ಬರುವ ಹೊತ್ತಿಗೆ ಲಾಯವ್ವ ಹೊಸ್ತಿಲ ಬಳಿ ಬಿಸಿನೀರಿನ ಚರಿಗೆ ಇಟ್ಟಿರುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಖಡಿ ಮಷೀನಿನ ಧೂಳು ತೊಳೆಯಲೆಂದು ಶುರುವಾದದ್ದು, ಧೂಳು ಹೋದ ಮೇಲೂ ನಿಂತಿರಲಿಲ್ಲ. ಈಗೀಗ ಅವನು ಕಾಲು ತೊಳೆದುಕೊಂಡ ಮೇಲೆ ಬಹಳ ಹೊತ್ತು ಅಲ್ಲೇ ಕೂತಿರುತ್ತಾನೆಂದು ಅವಳು ಅಮೋಗಿಗೆ ಹೇಳಿದ್ದಳು. “ಡಾಕ್ಟರ ಕಡೆ ಹೋಗೂಣು ಅಂದ್ರ, ಐವತ್ತಮೂರಕ್ಕ ಎಂಥಾ ಡಾಕ್ಟರು ಅಂತಾರ.”

ಕ್ಯಾಲೆಂಡರಿನಲ್ಲಿ ಹತ್ತೊಂಬತ್ತು ದಿನ ಉಳಿದಿದ್ದವು. ಆ ದಿನ ಗುಡ್ಡದ ಕೆಳಗಿನ ಓಣಿಗಳಲ್ಲಿ ಬೆಳಿಗ್ಗೆ ಬಂದ ನೀರು ನಿಲ್ಲಲೇ ಇಲ್ಲ. ಬೇಸಿಗೆ ಹೊಸ್ತಿಲಿಗೆ ಬಂದಿತ್ತು. ಜನಕ್ಕೆ ಹಬ್ಬವೋ ಹಬ್ಬ. ಕೊಡ, ಹಂಡೆ, ಬಕೆಟ್ಟು ತುಂಬಿ, ಬೋಗುಣಿ ತುಂಬಿ, ಕೊನೆಗೆ ಎಮ್ಮೆಗಳ ಮೈ ತೊಳೆದರು. ಮಾಳಿಂಗಣ್ಣನ ಹೊಟ್ಟೆ ತಣ್ಣಗಿರಲಿ ಎಂದು ಹರಸಿದರು. ಹನ್ನೊಂದರ ಸುಮಾರಿಗೆ ಗೌಳಿಗರ ಮುದುಕಿಯೊಬ್ಬಳಿಗೆ ಮಾತ್ರ ಇದು ಸರಿಯೆನಿಸಲಿಲ್ಲ. ಮಾಳಿಂಗ ಐದು ನಿಮಿಷ ಹೆಚ್ಚು ಬಿಟ್ಟಾನು, ನೀರನ್ನು ಹೀಗೆ ಹಾಳು ಹರಿಯಲು ಬಿಡುವವನಲ್ಲ. ಅವಳು ಹುಡುಕಲು ಜನ ಕಳಿಸಿದಳು. ಅವನು ವಾಲ್ವಿನ ಪಕ್ಕ ಗೋಡೆಗೊರಗಿ ಕೂತಿದ್ದ, ಎರಡು ಕೈಯೂ ಚಾವಿಯ ಮೇಲಿದ್ದವು.

ಡಾಕ್ಟರು ಹೃದಯ ಎಂದರು. ಎಪ್ಪತ್ತರ ಮುದುಕನ ಹೃದಯದಂತೆ ಸವೆದಿತ್ತು ಎಂದೂ ಅಂದರು. ಲಾಯವ್ವ ಅದನ್ನು ಕೇಳಿಸಿಕೊಂಡಳು.

ಸೇವೆಯಲ್ಲಿದ್ದಾಗ ಸತ್ತವನ ಹೆಂಡತಿಗೆ ಕುಟುಂಬ ಪಿಂಚಣಿ ಉಂಟು. ಅದಕ್ಕೆ ಹತ್ತು ವರ್ಷ ಬೇಡ, ಒಂದೇ ವರ್ಷ ಸಾಕು. ಬದುಕಿರುವವನಿಗೆ ಹತ್ತು, ಸತ್ತವನಿಗೆ ಒಂದು. ಈ ನಿಯಮ ಬರೆದ ಪುಣ್ಯಾತ್ಮ ಯಾರೋ. ಲಾಯವ್ವನ ಕಾಗದಪತ್ರಕ್ಕೆಲ್ಲ ಅಮೋಗಿಯೇ ಓಡಾಡಿದ. ಹೆಬ್ಬೆಟ್ಟು ಒತ್ತಿ ಕೈ ಒರೆಸಿಕೊಳ್ಳುತ್ತ ಅವಳು ಒಂದೇ ಒಂದು ಸಲ ಕೇಳಿದಳು: “ಅಮೋಗಪ್ಪಾ, ಡಾಕ್ಟರು ಹಂಗಂದ್ರು. ನಿಮ್ಮ ಮಷೀನು ಹಿಂಗಂದಿತ್ತು. ಯಾವುದ ಖರೆ?”

ಅವನು ಬಾಯಿ ತೆರೆದ. ಖರೆ ಹೇಳಿದರೆ ಮಾಳಿಂಗ ಹೋದ ಜೂನಿನಲ್ಲೇ ನಿವೃತ್ತನಾಗಬೇಕಿದ್ದವನು ಎಂದಾಗುತ್ತದೆ. ಸೇವೆಯಲ್ಲಿದ್ದು ಸತ್ತವನಲ್ಲ ಎಂದಾಗುತ್ತದೆ. ಇವಳ ತುತ್ತಿನ ಅನ್ನ ಅಲ್ಲಿಗೆ ನಿಲ್ಲುತ್ತದೆ. ಕಾನೂನು ಅವನ ಬಾಯಿಗೆ ಬೀಗ ಹಾಕಿ ಕೀಲಿಯನ್ನು ಅವಳ ಸೆರಗಿಗೆ ಕಟ್ಟಿತ್ತು.

“ಮಷೀನೂ ಒಮ್ಮೊಮ್ಮೆ ತಪ್ಪತೈತಿ ವೈನಿ,” ಎಂದ.

“ನಮ್ಮ ಪಾಲಿಗೇ ತಪ್ಪಬೇಕಾಗಿತ್ತಾ,” ಎಂದು ಅವಳು ಕಾಗದ ಮಡಚಿ ಅವನ ಕೈಗೆ ಕೊಟ್ಟಳು.

ಅಂದಿನಿಂದ ಅಮೋಗಿ ಆಫೀಸಿಗೆ ಹೋಗುವ ಮೊದಲು ದಿನಾ ಗುಡ್ಡ ಹತ್ತತೊಡಗಿದ. ಹೊಸದಾಗಿ ಬಂದ ವಾಲ್ವ್‌ಮನ್ ಮೊದಲು ಬೇಡವೆಂದ, ಆಮೇಲೆ ಒಳ್ಳೆಯದೇ ಆಯಿತೆಂದು ಚಾವಿಯನ್ನು ಇವನ ಹೆಗಲಿಗೇ ಬಿಟ್ಟ. ಕೂದಲಿಗೆ ಬಣ್ಣ ಹಚ್ಚುವುದು ನಿಂತಿತು. ಉಂಡದ್ದು ಮೈಗೆ ಹತ್ತಲಿಲ್ಲ. ನಸುಕಿನಲ್ಲಿ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುತ್ತಿರಲಿಲ್ಲ. ಸುನಂದಾ ದೇವರಿಗೆ ಹರಕೆ ಹೊತ್ತಳು, ಬೈದಳು, ಅತ್ತಳು. ಏನಾಗಿದೆ ಎಂದು ಕೇಳಿದರೆ, ಅಣ್ಣ ಸತ್ತಿದ್ದಾನೆ ಎನ್ನುತ್ತಿದ್ದ. ಅದು ಅವಳಿಗೂ ಗೊತ್ತಿತ್ತು.

ಮಾಸ್ತರರು ಕೊಟ್ಟ ಹನ್ನೆರಡು ತಿಂಗಳ ಸಾಲ ತೀರಿ, ಕಾಗದದಲ್ಲಿ ಅಮೋಗಿಗೂ ಐವತ್ತು ತುಂಬಿತು. ಸರದಿ ಬಂದದ್ದು ದಸರೆ ಕಳೆದ ಮೇಲೆ. ಫರ್ಜಾನಾ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಅವನೇ ಕಲಿಸಿದ ಹಾಗೆ ಮೆತ್ತಗೆ ಸೂಜಿ ಹಾಕಿ ರಕ್ತ ತೆಗೆದಳು. ಹನ್ನೆರಡು ನಿಮಿಷ ಅವಳು ಏನೇನೋ ಮಾತಾಡಿದಳು. ಪರದೆ ಬೆಳಗಿದ ಮೇಲೆ ಹತ್ತಿರ ಬಗ್ಗಿ ಎರಡು ಸಲ ಓದಿದಳು.

“ಸರ್, ಅರವತ್ತರ ಮ್ಯಾಲ ಒಂದ ತಿಂಗಳಾ ತೋರಸಾಕತ್ತೈತ್ರಿ. ಇದು ತಪ್ಪೈತ್ರಿ. ನೀವು ಹ್ವಾದ ವರ್ಷ ಸುಮ್ನ ನೋಡಿದಾಗ ಐವತ್ತಮೂರ ಅಂದಿದ್ರಿ. ಮತ್ತೊಮ್ಮೆ ಹಚ್ಚತೀನ್ರಿ.”

“ಬ್ಯಾಡವ್ವ.”

“ಬ್ಯಾರೆ ಯಾರದರ ಜೋಡಿ ಅದಲಬದಲ ಆಗಿರಬೇಕ್ರಿ.”

“ಇಲ್ಲವ್ವ. ಈ ಸಲ ಖರೇನ ನಂದ ಐತಿ,” ಎಂದು ಅವನು ತೋಳಿನ ಹತ್ತಿ ತೆಗೆದು ಬುಟ್ಟಿಗೆ ಹಾಕಿದ.

ಅವನಿಗೆ ಪೂರ್ತಿ ಪಿಂಚಣಿ ಬರುತ್ತಿತ್ತು. ಇಪ್ಪತ್ತೇಳು ವರ್ಷದ ಸೇವೆ. ತಿಂಗಳ ಕೊನೆಗೆ ಹಾರ ಎಷ್ಟು ದೊಡ್ಡದು ತರಿಸಬೇಕೆಂದು ಆಫೀಸಿನವರು ಅಲ್ಲೇ ಮಾತಾಡತೊಡಗಿದರು. ಅಮೋಗಿ ಚೀಟಿಯನ್ನು ಅಂಗಿಯ ಜೇಬಿಗೆ ಇಟ್ಟುಕೊಂಡು ಹೊರಬಿದ್ದ. ಕಾಲು ತನ್ನ ಮನೆಯ ಕಡೆ ಹೋಗಲಿಲ್ಲ. ಸಂಜೆಯ ನೀರು ಕಟ್ಟುವ ಹೊತ್ತಾಗಿತ್ತು; ಹೊಸ ವಾಲ್ವ್‌ಮನ್ ಕೈಯಿಂದ ಚಾವಿ ಇಸಿದುಕೊಂಡು, ಹೆಗಲಿಗೆ ಟವೆಲ್ ಹಾಕಿ ಹೊತ್ತು, ಗುಡ್ಡ ಹತ್ತಿ, ಇಪ್ಪತ್ತು ಮೆಟ್ಟಿಲಿಗೊಮ್ಮೆ ನಿಂತು, ಕಟ್ಟಿ ಇಳಿದ. ಇಳಿದವನು ಲಾಯವ್ವನ ಓಣಿಗೆ ತಿರುಗಿದ. ಇವತ್ತು ಏನಾದರಾಗಲಿ, ಅವಳೊಬ್ಬಳಿಗಾದರೂ ಹೇಳಿಬಿಡಬೇಕು. ಹೇಳಿ, ಈ ಚೀಟಿ ತೋರಿಸಿ, ನೋಡು ವೈನಿ, ಅಣ್ಣನ ವರ್ಷಗಳನ್ನು ಅಣ್ಣನಿಗೆ ತಿರುಗಿ ಕೊಟ್ಟಿದ್ದೇನೆ ಎನ್ನಬೇಕು. ಅದರಿಂದ ಅವಳಿಗೆ ಏನು ಬಂತು ಎಂಬುದು ಅವನಿಗೆ ಹೊಳೆಯಲಿಲ್ಲ.

ಬಾಗಿಲು ತೆರೆದಿತ್ತು. ಗೋಡೆಯ ಮೇಲೆ ಐವತ್ತಮೂರರ ಚೀಟಿ ಅಲ್ಲೇ ಇತ್ತು, ಅದರ ಮೇಲೆ ಮಾಳಿಂಗನ ಫೋಟೋ. ಒಲೆಯ ಮುಂದೆ ಬೆನ್ನು ಮಾಡಿ ಕೂತಿದ್ದ ಲಾಯವ್ವ ಹೆಜ್ಜೆಯ ಸಪ್ಪಳಕ್ಕೆ ತಿರುಗಿದಳು. ಹೊಸ್ತಿಲಲ್ಲಿ, ಹಿಂದಿನ ಬೆಳಕಿಗೆ, ಬೆನ್ನು ಬಾಗಿ, ಹೆಗಲ ಮೇಲೆ ಚಾವಿಯ ತುಕ್ಕಿನ ಗುರುತು ಬಿದ್ದ ಟವೆಲ್ ಹೊದ್ದು, ಏದುಸಿರು ಬಿಡುತ್ತ ನಿಂತವನನ್ನು ನೋಡಿ, ಮೂವತ್ತು ವರ್ಷ ಅಂದದ್ದನ್ನೇ ಅಂದಳು.

“ಬಂದ್ರೇನ್ರಿ? ನೀರ ಕಾದಾವು, ಕಾಲ ತೊಳಕೋರಿ.”

ಅಂದು, ಚರಿಗೆ ಹಿಡಿದು ಎದ್ದು ನಾಲ್ಕು ಹೆಜ್ಜೆ ಬಂದ ಮೇಲೆ ಅವಳಿಗೆ ತಿಳಿಯಿತು. ಸೆರಗು ಬಾಯಿಗೆ ಹೋಯಿತು. ಚರಿಗೆಯನ್ನು ಕೆಳಗಿಡಲಿಲ್ಲ, ಹಿಂದಕ್ಕೂ ಒಯ್ಯಲಿಲ್ಲ, ಹಾಗೇ ನಿಂತಳು.

ಹುಟ್ಟಿದಾಗ ಹೆತ್ತವ್ವನಿಗೂ ಗುರುತು ಸಿಗದಷ್ಟು ಒಂದೇ ಇದ್ದರಂತೆ ಇಬ್ಬರೂ. ಅಮೋಗಿಯ ಕೈ ಜೇಬಿನ ತನಕ ಹೋಗಿ ಅಲ್ಲೇ ನಿಂತಿತು. ಅವನು ಹೊಸ್ತಿಲ ಪಕ್ಕದ ಕಲ್ಲಿನ ಮೇಲೆ ಕೂತು, ಚಪ್ಪಲಿ ಬಿಟ್ಟು, ಎರಡೂ ಪಾದ ಮುಂದೆ ಚಾಚಿದ. ಲಾಯವ್ವ ಅಳುತ್ತಲೇ ಬಗ್ಗಿ ನೀರು ಹಾಕಿದಳು. ನೀರು ಹದವಾಗಿ ಕಾದಿತ್ತು.